ಕಾಲುವೆಗೆ ನೀರು ನುಗ್ಗುವ ಅಪಾಯ

ಮಳೆ ಕೈಕೊಟ್ಟ ಆ ವರ್ಷ ನಮ್ಮ ಉಪಕಾಲುವೆಯಲ್ಲಿ ನೀರಿರಲಿಲ್ಲ. ಹಂಚಿಕೆಯಲ್ಲಿ ಮಾತ್ರ ಯಾವ ಲೋಪವೂ ಆಗಲಿಲ್ಲ.

ಕಾಲುವೆಯ ತಳಕ್ಕೆ ಹೊಸದಾಗಿ ಸಿಮೆಂಟ್ ಹಾಕಿದ್ದರು. ಅಷ್ಟು ನುಣುಪಾದ, ಅಷ್ಟು ಉದ್ದದ ಕಣ ಹಗರಿಬೊಮ್ಮನಹಳ್ಳಿ ಸುತ್ತ ಇನ್ನೊಂದಿಲ್ಲ. ನೀರು ಬಳಕೆದಾರರ ಸಂಘದ ಅಧ್ಯಕ್ಷ ಏಕಾಂತಪ್ಪನವರು ತಮ್ಮ ಬೋರಿನ ನೀರಲ್ಲಿ ಬೆಳೆದ ಮೆಕ್ಕೆಜೋಳವನ್ನು ಒಣಗಿಸಲು ಮೊದಲು ಅಲ್ಲಿ ಹರವಿದರು. ಕಾರಣವಿದೆ. ಇಲ್ಲಿ ಕಾಳು ಕೊಳ್ಳುವವನು ನಾನು. ಕಾಳಿಗೆ ಮಿಷಿನ್ ಇಟ್ಟು ನೋಡಿ, ತೇವ ಕಂಡಷ್ಟೂ ತೂಕದಲ್ಲಿ ಕಡಿಯುತ್ತೇನೆ. ಆ ವರ್ಷ ನೀರು ಅಂತ ಇದ್ದದ್ದು ಮೆಕ್ಕೆಜೋಳದೊಳಗೆ. ಅದನ್ನೂ ನಾನು ಬಿಡಲಿಲ್ಲ.

ಜಾಗಕ್ಕೆ ಜಗಳ ಹತ್ತಿತು. ಸಂಘ ನಿಯಮ ಮಾಡಿತು: ನೀರಿಗಿದ್ದ ಪಾಳಿಯೇ ಬಿಸಿಲಿಗೂ ಅನ್ವಯಿಸತಕ್ಕದ್ದು, ಮೇಲ್ಭಾಗದವರು ಮೊದಲು, ಕೊನೆಯಂಚಿನವರು ಕಡೆಗೆ.

ಕೊನೆಯಂಚಿನಲ್ಲಿ ಉಚ್ಚಂಗೆಮ್ಮನ ಶೇಂಗಾ ಹೊಲ. ಕಾಯಿ ಕಟ್ಟುವ ಹೊತ್ತು. ಒಂದು ನೀರು ಸಿಕ್ಕರೆ ಬೆಳೆ, ಇಲ್ಲದಿದ್ದರೆ ದನದ ಮೇವು. ಆಕೆ ಸಂಘದ ಕಚೇರಿಗೆ ಬಂದಾಗ ನಾನೂ ಅಲ್ಲಿದ್ದೆ.

“ನನ್ನ ಪಾಳಿ ಯಾವಾಗ ಬರತೈತ್ರಿ?”

“ಬಿಸಿಲಿಂದೊ, ನೀರಿಂದೊ?” ಎಂದರು ನೀರಾವರಿ ಇಂಜಿನಿಯರ್ ಶ್ರೀನಾಥ.

“ಬಿಸಿಲು ನಮ್ಮ ಹೊಲದಾಗ ಬೇಕಾದಷ್ಟು ಐತ್ರಿ. ನೀರಿಂದು.”

“ಈ ವರ್ಷ ನೀರು ಕೇಳಿದೋರು ನೀವೊಬ್ರೇ ನೋಡ್ರಿ.”

ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು: ಜಲಾಶಯಕ್ಕೆ ಸ್ವಲ್ಪ ಒಳಹರಿವು ಬಂದಿದೆ, ಒಂದು ಸಲ ನೀರು ಬಿಡಲಾಗುವುದು. ಮರುದಿನವೇ ಆಟೊದ ಮೈಕು ಕೂಗಿಕೊಂಡು ಹೋಯಿತು:

“ರೈತ ಬಾಂಧವರ ಗಮನಕ್ಕೆ. ಕಾಲುವೆಗೆ ನೀರು ನುಗ್ಗುವ ಅಪಾಯವಿದ್ದು, ಯಾರೂ ಗಾಬರಿಯಾಗಬಾರದಾಗಿ ವಿನಂತಿ. ಸಂಘವು ಸೂಕ್ತ ಮುನ್ನೆಚ್ಚರಿಕೆ ಕೈಗೊಂಡಿದೆ.”

ಮುನ್ನೆಚ್ಚರಿಕೆ ಎಂದರೆ, ಬಂದ ನೀರನ್ನು ಮೇಲ್ಭಾಗದಲ್ಲೇ ತೂಬು ಎತ್ತಿ ಹಳ್ಳಕ್ಕೆ ತಿರುಗಿಸುವುದು. ತಿರುಗಿಸಿದರು. ಒಂದು ಕಾಳೂ ನೆನೆಯಲಿಲ್ಲ. ಏಕಾಂತಪ್ಪನವರಿಗೆ ಶಾಲು ಹೊದಿಸಿದೆವು.

ಹಳ್ಳಕ್ಕೆ ಪಾಳಿ ಗೊತ್ತಿಲ್ಲ. ಸುತ್ತಿ ಬಳಸಿ ಉಚ್ಚಂಗೆಮ್ಮನ ಬದುವಿಗೇ ಬಂತು. ಆಕೆ ಬದು ಒಡೆದು ಹೊಲದೊಳಗೆ ಕರೆದುಕೊಂಡಳು.

ಕೊನೆಯಂಚಿನವರು ಪಾಳಿ ಮುರಿದಿದ್ದಾರೆಂದು ದೂರು ಹೋಯಿತು. ಶ್ರೀನಾಥರು ತನಿಖೆಗೆ ಬಂದು ಹೊಲದ ನಡುವೆ ನಿಂತರು. ನಾನು ಸಾಕ್ಷಿ ಸಹಿಗೆ ಪಂಚನಾಗಿ ಗಟ್ಟಿ ನೆಲದ ಮೇಲೆ ನಿಂತೆ.

“ಕಾಲುವೆಯಿಂದ ಒಂದು ಹನಿಯೂ ಬಂದಿಲ್ಲ. ಆದಕಾರಣ ಹೊಲ ಒಣಗಿದೆ,” ಎಂದು ಅವರು ಓದುತ್ತಾ ಬರೆದರು.

“ಹಂಗಾರ ನಿಮ್ಮ ಕಾಲು ಯಾತರಾಗ ಸಿಗಿಬಿದ್ದಾವ್ರಿ?” ಎಂದಳು ಉಚ್ಚಂಗೆಮ್ಮ.

“ಅದು ನನ್ನ ವ್ಯಾಪ್ತಿಗೆ ಬರಂಗಿಲ್ಲಮ್ಮ. ಒಂಚೂರು ಕೈ ಕೊಡ್ರಿ.”

ಆಕೆ ಎಳೆದಳು. ಸಾಹೇಬರು ಬಂದರು, ಒಂದು ಶೂ ಬರಲಿಲ್ಲ. ನಾನು ಸಹಿ ಹಾಕಿದೆ.

ಶೇಂಗಾ ಚಲೋ ಬಂತು. ಕಿತ್ತು, ಹಸಿಯಾಗಿಯೇ ನನ್ನ ಅಂಗಡಿಗೆ ತಂದಳು.

“ಒಣಗಿಸ್ಕೊಂಡು ಬರಬಾರದ?” ಎಂದೆ.

“ಹೊಲದಾಗ ಹರವಿದ್ರ ಹಂದಿ ಬಿಡವಲ್ವು. ಕಾಲುವ್ಯಾಗ ಹರವೋಣಂದ್ರ ಬಿಸಿಲಿನ ಪಾಳಿ ನಮ್ಮ ತುದಿಗೆ ಇನ್ನೂ ಬಂದಿಲ್ಲ.”

ಮಿಷಿನ್ ಇಟ್ಟೆ. “ಕಡೀಬೇಕಾಗತೈತಮ್ಮ. ನೀರೈತಿ.”

ಅಲ್ಲೇ ಚಹ ಕುಡಿಯುತ್ತಿದ್ದ ಏಕಾಂತಪ್ಪನವರೂ ಶ್ರೀನಾಥರೂ ಮಿಷಿನ್ನಿಗೆ ಬಗ್ಗಿ ನೋಡಿ, ಹೌದೆಂದು ತಲೆಯಾಡಿಸಿದರು.

ಉಚ್ಚಂಗೆಮ್ಮ ಇಬ್ಬರನ್ನೂ ನೋಡಿದಳು. “ಇನ್ನೊಮ್ಮಿ ಹೇಳ್ರಿ ಸಾವ್ಕಾರ್ರ, ಸಾಹೇಬ್ರಿಗೆ ಕೇಳೂ ಹಂಗ.”

“ನೀರೈತಿ,” ಎಂದೆ.

“ಆತು. ಕಡೀರಿ.”

ಕಡಿದೆ.