ಸಾಹೇಬನ ಕೈ ಹಿಡಿದ ನಮ್ಮತ್ತಿ

ನಮ್ಮತ್ತಿ ಒಬ್ಬ ಬಿಳಿ ಸಾಹೇಬನ ಕೈ ಹಿಡಿದಾಕಿ. ಅದೂ ಜುಗೂಳದ ಹೊಳೆದಂಡೆಯಲ್ಲಿ, ಮಂದಿಯೆಲ್ಲ ನೋಡುತ್ತಿರುವಾಗ! ತಪ್ಪು ತಿಳಿಯಬೇಡಿ, ಮದುವೆಯ ಮಾತಲ್ಲ ಇದು.

ಅತ್ತಿ ಅಂದರೆ ನಮ್ಮಪ್ಪನ ಅಕ್ಕ. ಐನಾಪುರದಲ್ಲಿ ಸಂಸಾರ, ಎರಡು ಎಮ್ಮೆ, ಮೇಲೆ ಸಿನಿಮಾದ ಹುಚ್ಚು. ನೋಡುವ ಹುಚ್ಚಲ್ಲ, ಜಗಳಾಡುವ ಹುಚ್ಚು! ಒಮ್ಮೆ ಅಥಣಿಯ ಟಾಕೀಜಿನಲ್ಲಿ ಖಳನಾಯಕ ನಾಯಕಿಯ ಸೆರಗಿಗೆ ಕೈ ಹಾಕಿದ. ಅತ್ತಿ ಬಾಕಿನ ಮೇಲೆ ಎದ್ದು ನಿಂತು, "ಲೇ ಭಾಡ್ಯಾ, ಕೈ ತಗೀ!" ಎಂದು ಕೂಗಿದಳು. ಗೇಟ್‌ಕೀಪರ್ ಬ್ಯಾಟರಿ ಹಿಡಿದು ಓಡಿಬಂದ.

"ಕುಂದರ್ರಿ ಅಕ್ಕಾರ, ಹೀರೋ ಬರ್ತಾನ."

"ಯಾವಾಗ? ಸೀರಿ ಪೂರಾ ಬಿಚ್ಚಿದ ಮ್ಯಾಲೇನು? ನೀನ ಹೋಗಿ ಕರಕೊಂಡ ಬಾ!"

ಇಂಥಾಕಿ ಇರುವಲ್ಲಿಗೆ ಶೂಟಿಂಗೇ ಬಂದರೆ? ಎಂಬತ್ತರ ದಶಕ. ನಾನಾಗ ಕಾಲೇಜು ಹುಡುಗಿ, ರಜೆಗೆಂದು ಅತ್ತಿಯ ಮನೆಗೆ ಬಂದಿದ್ದೆ. ಮುಂಬಯಿಯ ಕಂಪನಿಯೊಂದು ಬ್ರಿಟಿಷರ ಕಾಲದ ಕತೆ ತೆಗೆಯಲು ಐನಾಪುರದ ಹತ್ತಿರದ ಜುಗೂಳಕ್ಕೆ ಬಂತು. ನೋಡಲು ಹೋದ ನಮ್ಮಂಥ ಹೆಂಗಸರನ್ನೇ ಸಾಲಾಗಿ ನಿಲ್ಲಿಸಿ ಆರಿಸಿದರು. ಬೆಳ್ಳಗಿದ್ದವರು ರಾಣಿವಾಸಕ್ಕೆ, ಕೊಡೆಯ ನೆರಳಿಗೆ. ಕಪ್ಪಗಿದ್ದ ಅತ್ತಿ ಉಸುಕಿನ ಬುಟ್ಟಿ ಹೊರಲಿಕ್ಕೆ. ನಾನು ಸಾಹೇಬನ ಮನೆಯ ಕೆಲಸದಾಕಿ. ನನ್ನ ಕಪ್ಪು ಸಾಲದೆಂದು ಮೇಕಪ್ಪಿನವನು ಮೇಲೊಂದಿಷ್ಟು ಬಳಿದ. ನನಗೆ ಅಳುವೇ ಬಂತು. ಅತ್ತಿ ಸುಮ್ಮನಿರುತ್ತಾಳೆಯೇ?

"ಇದಕಿಂತ ಕರೀದ ಬೇಕಂದ್ರ ನಮ್ಮ ಎಮ್ಮಿ ಕರೀರಿ. ಆದ್ರ ಅದು ಒದೀತೈತಿ, ನೋಡ್ರಿ ಮತ್ತ!"

ನಾನು ಚಹಾ ಚೆಲ್ಲಬೇಕು, ಸಾಹೇಬ ಹೊಡೆಯಬೇಕು, ನಾನು ಅವನ ಕಾಲಿಗೆ ಬೀಳಬೇಕು. ಸಾಹೇಬ ಗೋವಾದಿಂದ ಕರೆತಂದ ಖರೇ ಬಿಳಿಯ. ಪಾಪ, ಮೆಲ್ಲಗೆ ಮುಟ್ಟಿದ. "ಜೋರಾಗಿ!" ನಿರ್ದೇಶಕ ಚೀರಿದ. ಎರಡನೆಯ ಏಟಿಗೆ ನನ್ನ ಕಿವಿ ಗುಂಯ್ ಎಂದಿತು, ಕಣ್ಣಲ್ಲಿ ನೀರು ಸುರಿಯಿತು. "ವಾಹ್! ಇನ್ನೊಮ್ಮೆ!" ಎಂದ ನಿರ್ದೇಶಕ. "ಏನ್ ಆ್ಯಕ್ಟಿಂಗ್ ಮಾಡ್ತಾಳ್ರಿ ಹುಡುಗಿ!" ಎಂದಿತು ಮಂದಿ.

ಮತ್ತೆ ಕೈ ಮೇಲೆದ್ದಿತು. ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಸಾಹೇಬನ ಮಣಿಕಟ್ಟು ಅತ್ತಿಯ ಮುಷ್ಟಿಯಲ್ಲಿ! ಎಮ್ಮೆ ಹಿಂಡಿದ ಮುಷ್ಟಿ; ಸಾಹೇಬ ಇನ್ನಷ್ಟು ಬಿಳಿಚಿಕೊಂಡ.

"ಏ ಬಾಯಿ, ಬಾಜೂಲಾ ಹೋ!" ಪಕ್ಕಕ್ಕೆ ಸರಿ ಎಂದು ನಿರ್ದೇಶಕ ಮರಾಠಿಯಲ್ಲಿ ಅಬ್ಬರಿಸಿದ. ಲೈಟಿನ ಹುಡುಗರಿಬ್ಬರು ಅತ್ತಿಯತ್ತ ಬಂದರು. ಅವಳು ಕದಲಲಿಲ್ಲ. ಕನ್ನಡ ಬಲ್ಲ ಸಹಾಯಕ ನಡುವೆ ಬಂದು ತಿಳಿಹೇಳಿದ: "ಅವ್ವಾರ, ಆ ಕಾಲದಾಗ ಹಿಂಗ ಇತ್ರಿ. ಸಾಹೇಬ್ರು ಹೊಡಿತಿದ್ರು, ನಮ್ಮ ಹೆಂಗಸ್ರು ಕಾಲಿಗೆ ಬೀಳ್ತಿದ್ರು."

"ಆ ಕಾಲಾ ಹೋತಲ್ರಿ? ಈ ಕೂಸಿನ ಕೆನ್ನಿ ಈಗಿಂದ ಐತಿ!"

ಸಾಹೇಬನೇ ಇನ್ನು ಹೊಡೆಯಲಾರೆ ಎಂಬಂತೆ ಟೋಪಿ ತೆಗೆದು ಕೆಳಗೆ ಕೂತುಬಿಟ್ಟ. ನಮ್ಮಿಬ್ಬರನ್ನೂ ನೋಡುವ ಮಂದಿಯ ಸಾಲಿಗೆ ಅಟ್ಟಿ ಇನ್ನೊಬ್ಬ ಹುಡುಗಿಯನ್ನು ಕರೆದರು. ಅವಳು ಅತ್ತಿಯ ಮುಖ ನೋಡಿದಳು, ಚಹಾದ ತಟ್ಟೆ ಮುಟ್ಟಲಿಲ್ಲ. ಆ ದೃಶ್ಯವನ್ನೇ ಕೈಬಿಟ್ಟರಂತೆ.

ಬಸ್ಸಿಗೆ ಕಾಯುವಾಗ ಕೇಳಿದೆ, "ಅತ್ತಿ, ನಿನಗ ಅಂಜಿಕಿ ಬರಲಿಲ್ಲೇನ?"

"ಬಂತಲ್ಲ." ಸೆರಗಿನ ಗಂಟು ಬಿಚ್ಚಿ ಬಸ್ಸಿನ ರೊಕ್ಕ ಎಣಿಸಿಕೊಂಡಳು. "ನಿಮ್ಮ ಮಾವ ಮೊದಲನೇ ಸಲ ಕೈ ಎತ್ತಿದಾಗ ನಾನೂ ನಿನ್ನಷ್ಟ ಇದ್ನಿ. ಯಾರರ ಬರ್ತಾರೇನಂತ ಬಾಗಲಾ ನೋಡಿದ್ನಿ..."

ಬಸ್ಸು ಬಂತು. ಸೀಟಿನಲ್ಲಿ ಕೂತವಳೇ ನನ್ನ ತಲೆಯನ್ನು ಹೆಗಲಿಗೆ ಒತ್ತಿ ಹಿಡಿದಳು. ಐನಾಪುರ ಬರುವವರೆಗೂ ಬಿಡಲಿಲ್ಲ.