ನಮ್ಮ ಓಣಿಯ ಆರಾಮ

ನಾನು ಹುಟ್ಟು ಅಂಜುಬುರುಕ. ಹಾವು ಚೇಳಿಗೆ ಎಲ್ಲರೂ ಅಂಜುತ್ತಾರೆ; ನಾನು ಕುರ್ಚಿಯಲ್ಲಿ ಕೂತವರಿಗೆಲ್ಲ ಅಂಜುತ್ತೇನೆ. ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಉಮರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ವೇಳೆ ಕೇಳುವುದಕ್ಕೂ ನನಗೆ ಎದೆ ಡವಡವ. ಇಂಥವನನ್ನು ಓಣಿಯವರು ಮುಂದೆ ದಬ್ಬಿದ್ದಕ್ಕೆ ಕಾರಣ ಒಂದೇ, ನನ್ನ ಮರಾಠಿ ಚಲೋ ಇದೆಯಂತೆ.

ಊರಿಗೆ ಹೊಸ ಯೋಜನೆ ತಯಾರಾಗುತ್ತಿತ್ತು. ಜನರ ಬದುಕು ಹೇಗಿದೆಯೆಂದು ಓಣಿಗೊಂದು ಮನೆಯಲ್ಲಿ ಸಾಹೇಬರು ಕೇಳುತ್ತಾರೆ, ತ್ರಾಸು ಹೆಚ್ಚಿದ್ದಲ್ಲಿ ಮೊದಲು ಕೆಲಸ ಎಂದು ಸುದ್ದಿ ಬಂತು. ನಮ್ಮ ತ್ರಾಸು ಬಾಗಿಲ ಮುಂದೆಯೇ ಹರಿಯುತ್ತದೆ: ಬಾಯಿ ತೆರೆದ ಗಟಾರ. ಹೋದ ಮಳೆಗಾಲದಲ್ಲಿ ಎದುರುಮನೆ ಬಸವ್ವನ ಅತ್ತೆ ಅದರೊಳಗೆ ಬಿದ್ದು ಸೊಂಟ ಮುರಿದುಕೊಂಡವಳು ಇನ್ನೂ ಹಾಸಿಗೆ ಬಿಟ್ಟಿಲ್ಲ. "ಅಣ್ಣಾ, ಎಲ್ಲಾ ಬಿಚ್ಚಿ ಹೇಳ್ರಿ. ನಿಮ್ಮ ಮ್ಯಾಲೇ ಭಾರ ಹಾಕೀವಿ," ಎಂದಳು ಬಸವ್ವ. ನಾನು ಕನ್ನಡಿಯ ಮುಂದೆ ನಿಂತು ಗಟಾರ, ಸೊಳ್ಳೆ, ನಾತ ಎಲ್ಲವನ್ನೂ ಮರಾಠಿಯಲ್ಲಿ ಬಾಯಿಪಾಠ ಮಾಡಿದೆ. ಹೆಂಡತಿ ನಕ್ಕಳು: "ಕನ್ನಡಿಗೂ ಅಂಜ್ಲಾಕತ್ತೀರಲ್ರೀ!"

ಸಾಹೇಬರು ಬಂದರು. ಮರಾಠಿ ಶುರುಮಾಡಬೇಕು, ಅಷ್ಟರಲ್ಲಿ ಅವರು ಚಪ್ಪಲಿ ಬಿಡುತ್ತ, "ನಮ್ದೂ ಇಲ್ಲೇ ದೇವಣಿ ರೀ. ಎಲ್ಲಾರೂ ಆರಾಮ ಅದೀರೇನ್ರಿ?" ಎಂದುಬಿಟ್ಟರು. ಕನ್ನಡದಲ್ಲಿ! ಸರಕಾರಿ ಮನುಷ್ಯ! ಮನೆಗೆ ಬಂದವರು ಹಾಗೆ ಕೇಳಿದರೆ, ಮೈಯಲ್ಲಿ ಜ್ವರವಿದ್ದರೂ ನಮ್ಮ ಕಡೆ ಉತ್ತರ ಒಂದೇ.

"ಆರಾಮ ಅದೀವಿ ರೀ, ನಿಮ್ಮ ಆಶೀರ್ವಾದ."

"ನೀರು?"

"ಏನೂ ಕಡಿಮಿ ಇಲ್ಲ ರೀ."

"ಗಟಾರದ್ದು ತ್ರಾಸು?"

ಬಾಯಿಪಾಠ ಮಾಡಿದ್ದೆಲ್ಲ ನಾಲಿಗೆಯ ತುದಿಗೆ ಬಂತು. ಆದರೆ ಚಹಾ ಕುಡಿಯುತ್ತಿರುವ ಬೀಗರಂಥ ಮನುಷ್ಯನ ಮುಂದೆ ನಾತದ ಮಾತೇ? "ರೂಢಿ ಆಗ್ಯದ ರೀ," ಎಂದೆ. "ನೀವು ಹೇಳಿದ್ದೇ ಹಾಕಬೇಕು ನಾವು," ಎನ್ನುತ್ತ ಅವರು ಮೊಬೈಲಿನಲ್ಲಿ ಒತ್ತಿಕೊಂಡರು. ಹೊರಡುವಾಗ ಗಟಾರದ ಅಂಚಿನಲ್ಲಿ ಅವರ ಕಾಲೇ ಜಾರಿತು. ದೇವರೇ ಕಳಿಸಿದ ಅವಕಾಶ! ನಾನು ಹಾರಿ ಹೋಗಿ ರಟ್ಟೆ ಹಿಡಿದು ಉಳಿಸಿಬಿಟ್ಟೆ.

ಸಂಜೆ ಬಸವ್ವ ಶೇಂಗಾ ಹೋಳಿಗೆ ತಂದಳು. "ಸಾಹೇಬ್ರು ನಕ್ಕೋತ ಹೋದ್ರಲ್ರೀ ಅಣ್ಣಾ! ಕೆಲಸ ಆಯ್ತು ಅಂತ ಅತ್ತಿಗಿ ಹೇಳೀನಿ." ನಾನು ಹೋಳಿಗೆಯನ್ನು ಹೆಂಡತಿಯ ಕಡೆ ಸರಿಸಿದೆ.

ಈಗ ಮನೆಯಿಂದ ಹೊರಬೀಳಲು ಅಂಜಿಕೆ. ಎದುರು ಕಿಟಕಿಯಿಂದ ಮುದುಕಿ ಮಲಗಿದಲ್ಲಿಂದಲೇ ಕೂಗುತ್ತಾಳೆ: "ತಮ್ಮಾ, ಆರಾಮ ಅದೀಯೇನೋ?" ಸಾಹೇಬರ ಮುಂದೆ ಬಾರದ ಮಾತು ಈಗ ತಾನಾಗಿ ಬರುತ್ತದೆ: "ಎಲ್ಲೀ ಆರಾಮ, ಯವ್ವಾ!"

ಆಕೆಯೇ ನನಗೆ ಧೈರ್ಯ ಹೇಳುತ್ತಾಳೆ: "ಅಂಜಬ್ಯಾಡೋ ತಮ್ಮಾ. ಗಟಾರ ಮುಚ್ಲಿ, ನಾನೇ ನಡಕೋತ ನಿಮ್ಮನಿಗಿ ಬರ್ತೀನಿ."