ಸಾಹೇಬರ ನಿದ್ದೆ

ರಾಜಕೀಯ ನನಗೆ ಅರ್ಥವಾಗುವುದು ಚಹಾದ ಅಳತೆಯಲ್ಲಿ ಮಾತ್ರ. ಜಗಲಿಯಲ್ಲಿ ಗಂಡಸರ ಸಭೆ ಕೂಡಿದರೆ ನಾನು ಅಡುಗೆಮನೆಯ ಬಾಗಿಲು ದಾಟುವವಳಲ್ಲ. ಮಕ್ಕಳೇ, ನಿಮ್ಮ ಗೋಪಾಲಜ್ಜ, ಅಂದರೆ ನನ್ನ ಮೈದುನ, ಹಳೆಯ ಪಕ್ಷದಲ್ಲಿದ್ದಾಗ ಒಂದು ಸಭೆಗೆ ಮೂರು ಸಲ ಚಹಾ ಕಾಯಿಸಬೇಕಿತ್ತು. ಅಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಅಭಿಪ್ರಾಯ. ಆಮೇಲೆ ಅವನು, ಎಲ್ಲರೂ ಸಾಹೇಬರು ಎನ್ನುವ ದೊಡ್ಡ ನಾಯಕರ ಹೊಸ ಪಕ್ಷ ಸೇರಿದ. ಬಾವುಟದ ಮೇಲೂ ಸಾಹೇಬರ ಮುಖವೇ. ಅಲ್ಲಿ ಒಂದೇ ಸಲ ಚಹಾ. "ಸಾಹೇಬರು ಹೇಳಿದ್ದಾರೆ" ಅಂದರೆ ಸಭೆ ಮುಗಿಯಿತು. ಜಗಳವಿಲ್ಲ, ಹಾಲೂ ಉಳಿಯಿತು. ಇದನ್ನು ಸಣ್ಣ ಗುಣವೆಂದು ತಿಳಿಯಬೇಡಿ. ನಮ್ಮ ಭಾವಿಕೇರಿಯಲ್ಲಿ ಕೆಟ್ಟು ನಿಂತಿದ್ದ ನೀರಿನ ಪಂಪು ಅವರ ಮೊಬೈಲಿನ ಒಂದು ಕರೆಗೆ ಸರಿಯಾದದ್ದನ್ನು ನಾನೇ ಕಂಡಿದ್ದೇನೆ. ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರೂ ಅವರ ಹೆಸರು ಹೇಳಿದರೆ ಒಂದೇ ಜೀಪಿನಲ್ಲಿ ಕೂರುತ್ತಿದ್ದರು.

ಆ ಸಲ ಗೋಪಾಲ ತಾಲ್ಲೂಕು ಪಂಚಾಯಿತಿಗೆ ನಿಲ್ಲಲು ಹೊರಟ. ಹೊಳೆಯಂಚಿನ ಗಜನಿ ಗದ್ದೆಗೆ ಸಮುದ್ರದ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿಸಬೇಕೆಂಬುದು ಅವನ ಬಹುದಿನದ ಆಸೆ. ಅವನೇ ಪಕ್ಷದ ಅಭ್ಯರ್ಥಿ ಎಂಬ ಪತ್ರಕ್ಕೆ ಸಾಹೇಬರೇ ಸಹಿ ಹಾಕಬೇಕು, ಅದು ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ಅಂಕೋಲೆಯ ಚುನಾವಣಾ ಕಚೇರಿ ಮುಟ್ಟಬೇಕು. ಸಾಹೇಬರು ಕಾರವಾರದ ಪ್ರವಾಸಿ ಮಂದಿರದಲ್ಲಿದ್ದರು. ಕಣ್ಣು ತೋರಿಸಲು ನಾನೂ ಗೋಪಾಲನ ಜೊತೆ ಹೋಗಿದ್ದೆ. ಆಸ್ಪತ್ರೆ ಮುಗಿಸಿ ಪ್ರವಾಸಿ ಮಂದಿರದ ವರಾಂಡದ ಮೂಲೆಯಲ್ಲಿ ಸೆರಗು ಎಳೆದುಕೊಂಡು ಕೂತೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಸಾಹೇಬರು ಒಳಗೆ ಮಲಗಿದ್ದರು.

"ಎಬ್ಬಿಸಿ ಮಾರಾಯ್ರೇ," ಅಂದ ಗೋಪಾಲ.

"ನಾ ಎಬ್ಬಿಸೂದಾ? ನೀನೇ ಎಬ್ಸು!" ಪಕ್ಷದ ಜಿಲ್ಲಾಧ್ಯಕ್ಷರು ಪಿಸುಗುಟ್ಟಿದರು.

"ಹಂಗಾದ್ರೆ ನೀವೇ ಸಹಿ ಹಾಕಿ. ಅಧ್ಯಕ್ಷರಲ್ವಾ ನೀವು?"

"ಅಧ್ಯಕ್ಷ ಹೌದು ಮಾರಾಯಾ. ಸಹಿ ಹಾಕೂ ಅಧ್ಯಕ್ಷ ಅಲ್ಲ."

ಒಳಗೆ ಗೊರಕೆ, ಹೊರಗೆ ಇಡೀ ಜಿಲ್ಲಾ ಸಮಿತಿ ಚಪ್ಪಲಿ ಬಿಟ್ಟು ನಿಂತಿತ್ತು. ಎದ್ದ ಮೇಲೆ ಸಾಹೇಬರು, "ಎಬ್ಬಿಸೋದಲ್ವೇನ್ರಯ್ಯಾ?" ಎಂದು ಎಲ್ಲರನ್ನೂ ಬೈದು, ಗೋಪಾಲನ ಬೆನ್ನು ತಟ್ಟಿ ಸಹಿ ಹಾಕಿಕೊಟ್ಟರು. ನಾವು ಅಂಕೋಲೆ ಮುಟ್ಟಿದಾಗ ಮೂರು ದಾಟಿತ್ತು. ಒಡ್ಡು ಇನ್ನೊಂದು ಚುನಾವಣೆಯಷ್ಟು ದೂರ ಹೋಯಿತು.

ಗೋಪಾಲ ಪತ್ರ ಮಡಚಿ ಜೇಬಿಗೆ ಹಾಕಿದ. ನನಗೇ ಸಿಟ್ಟು. ಊರಿನ ಬಸ್ಸಿನಲ್ಲಿ ನಾಚಿಕೆ ಬಿಟ್ಟು ಉಪದೇಶ ಮಾಡಿದೆ: ಒಬ್ಬರು ಕಣ್ಣು ಮುಚ್ಚಿದರೆ ಎಲ್ಲರ ಕೈ ಕಟ್ಟಿಹೋಗುವುದು ಎಂಥ ಪಕ್ಷ? ಇನ್ನೊಬ್ಬರ ಕೈಗೂ ಸ್ವಲ್ಪ ಅಧಿಕಾರ ಕೊಟ್ಟಿಡಬಾರದೇ?

ಮನೆಗೆ ಬಂದರೆ ಒಲೆ ತಣ್ಣಗಿತ್ತು. ನಿಮ್ಮಮ್ಮ ಬಂಗಡೆ ಮೀನು ತೊಳೆದು, ಮಸಾಲೆ ಅರೆದಿಟ್ಟು ಸುಮ್ಮನೆ ಕೂತಿದ್ದಳು. ನೀವು ಗಂಜಿ-ಉಪ್ಪಿನಕಾಯಿ ತಿಂದು ಮುಖ ಊದಿಸಿಕೊಂಡಿದ್ದಿರಿ.

"ಸಾರು ಯಾಕೆ ಮಾಡ್ಲಿಲ್ಲ ಮಾರಾಯ್ತಿ?"

"ಹುಳಿ, ಉಪ್ಪು ನೀವೇ ಹಾಕ್ಬೇಕಲ್ಲ ಅತ್ತೆ. ಹೋದ ಸಲ ನಾ ಹಾಕಿದ್ದಕ್ಕೆ ನೀವು ಸಾರೆಲ್ಲಾ ಬೆಕ್ಕಿಗೆ ಸುರಿದ್ರಿ."

ಬಸ್ಸಿನಲ್ಲಿ ನನ್ನ ಉಪದೇಶ ಕೇಳಿದ್ದ ಗೋಪಾಲ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತ. "ಅತ್ತಿಗೆ ಸಾಹೇಬ್ರೇ, ಎದ್ರಾ? ಒಂದು ಸಹಿ ಬೇಕಾಗಿತ್ತು."

ನಾನು ಉಪ್ಪಿನ ಭರಣಿಯನ್ನು ನಿಮ್ಮಮ್ಮನ ಕಡೆ ಸರಿಸಿದೆ. ಅವಳು ಹಾಕಿದಳು. ರುಚಿ ನೋಡಿದೆ, ಸರಿಯಾಗಿಯೇ ಇತ್ತು. ಅವಳು ಆಚೆ ಹೋದ ಮೇಲೆ ಮಾತ್ರ, ಇರಲಿ ಎಂದು, ಇನ್ನೊಂದು ಚಿಟಿಕೆ ಹಾಕಿದೆ.